ಬಿಸಿಲಿಗೆ ತುಂಬುವ ನದಿ: ಲೆಮಾನ್ ಸರೋವರದಿಂದ ರೋನ್ ಹಿಮನದಿಯವರೆಗೆ

ಸ್ವಿಟ್ಜರ್‌ಲೆಂಡಿನ ಜಿನೀವಾ ನಗರದ ನಡುವೆ, ಲೆಮಾನ್ ಸರೋವರದಿಂದ ಹೊರಬೀಳುವ ರೋನ್ ನದಿಯ ನೀರು ತಳದ ಕಲ್ಲು ಕಾಣುವಷ್ಟು ತಿಳಿಯಾಗಿರುತ್ತದೆ. ಸುಮಾರು 73 ಕಿ.ಮೀ. ಉದ್ದದ ಅದೇ ಸರೋವರದ ಪೂರ್ವ ತುದಿಯಲ್ಲಿ ಒಳಬರುವಾಗ ಮಾತ್ರ ಅದು ಬೂದಿ ಕಲಸಿದಂತೆ ಮಂಕಾಗಿರುತ್ತದೆ. ಬೇಸಿಗೆಯಲ್ಲಿ ಇಲ್ಲಿಗೆ ಬಂದು ವೆವೆ, ಮಾಂತ್ರೋ ಮುಂತಾದ ದಡದ ಊರುಗಳನ್ನು ನೋಡಿಕೊಂಡು ಆಲ್ಪ್ಸ್ ಕಣಿವೆಗಳತ್ತ ಕಾರಿನಲ್ಲಿ ಸಾಗುವವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ಕಣ್ಣಿಟ್ಟಿರುವುದು ಶಿಖರಗಳ ಮೇಲೆ. ದಾರಿಯುದ್ದಕ್ಕೂ ನೀರಿನ ಬಣ್ಣವನ್ನೂ ರಸ್ತೆಬದಿಯ ಬಂಡೆಗಳನ್ನೂ ಗಮನಿಸುತ್ತ ಹೋದರೆ ಈ ಪ್ರದೇಶ ತನ್ನ ಚರಿತ್ರೆಯನ್ನು ಇನ್ನೂ ಸ್ಪಷ್ಟವಾಗಿ ತೋರುತ್ತದೆ ಎಂಬುದು ನನ್ನ ನಂಬಿಕೆ. ಹಾಗೆ ನೋಡಬಯಸುವವರು ನದಿಯ ಹರಿವಿಗೆ ಎದುರಾಗಿ, ಕೆಳಗಿನಿಂದ ಮೇಲಕ್ಕೆ ಪ್ರಯಾಣ ಮಾಡುವುದು ಒಳ್ಳೆಯದು.

ನೀರಿನ ಮಂಕಿಗೆ ಕಾರಣ ಹಿಮನದಿ. ನೂರಾರು ಮೀಟರ್ ದಪ್ಪದ ಮಂಜುಗಡ್ಡೆ ತನ್ನದೇ ಭಾರದಿಂದ ಇಳಿಜಾರಿನಲ್ಲಿ ನಿಧಾನವಾಗಿ ಜರುಗುವಾಗ, ಅದರ ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳು ಕೆಳಗಿನ ಬಂಡೆಯನ್ನು ಉಜ್ಜುತ್ತವೆ, ತಾವೂ ಸವೆಯುತ್ತವೆ. ಇದರಿಂದ ಹುಟ್ಟುವ ಪುಡಿಯ ಕಣಗಳು ಎಷ್ಟು ನುಣುಪಾಗಿರುತ್ತವೆಯೆಂದರೆ, ಹರಿಯುವ ನೀರಿನಲ್ಲಿ ಅವು ತಳ ಸೇರದೆ ತೇಲುತ್ತಲೇ ಸಾಗುತ್ತವೆ. ಕಾವೇರಿ, ತುಂಗಭದ್ರೆಗಳು ಮಳೆಗೆ ಕೆಂಪಾಗಿ ಉಕ್ಕುವುದನ್ನು ಕಂಡವರಿಗೆ ಇಲ್ಲೊಂದು ವಿಶೇಷ ಎದುರಾಗುತ್ತದೆ: ಮೇಲಿನ ರೋನ್ ತುಂಬಿ ಮಂಕಾಗುವುದು ಮೋಡವೇ ಇಲ್ಲದ ಸುಡುಬಿಸಿಲಿನ ದಿನಗಳಲ್ಲಿ. ಹಿಮ ಕರಗುವ ಬೇಸಿಗೆಯೇ ಅದರ ಪ್ರವಾಹಕಾಲ. ಹಿಮನದಿಗೆ ಹತ್ತಿರದ ಹಳ್ಳಗಳಲ್ಲಂತೂ ಮುಂಜಾನೆಯ ನೀರಿಗಿಂತ ಸಂಜೆಯ ನೀರು ಹೆಚ್ಚಿರುವುದನ್ನು ಬರಿಗಣ್ಣಿನಿಂದಲೇ ಕಾಣಬಹುದು.

ಹಾಗಾದರೆ ಆ ಪುಡಿಯೆಲ್ಲ ಎಲ್ಲಿ ಹೋಗುತ್ತದೆ? ಕೊಡದಲ್ಲಿ ತುಂಬಿಟ್ಟ ಹೊಳೆನೀರು ಬೆಳಗಾಗುವುದರೊಳಗೆ ತಿಳಿಯಾಗುವಂತೆ, ನದಿಯ ವೇಗ ಅಡಗಿದೊಡನೆ ಕಣಗಳು ಸರೋವರದ ತಳಕ್ಕೆ ಇಳಿಯುತ್ತವೆ. ಲೆಮಾನ್ ಸರೋವರದ ವಿಸ್ತೀರ್ಣ ಸುಮಾರು 580 ಚದರ ಕಿ.ಮೀ., ಗರಿಷ್ಠ ಆಳ ಸುಮಾರು 310 ಮೀಟರ್. ಒಳಬಂದ ನೀರು ಸರಾಸರಿ ಹನ್ನೊಂದು ವರ್ಷಗಳಷ್ಟು ಕಾಲ ಅಲ್ಲಿ ತಂಗಿ ಹೊರಡುತ್ತದೆ. ಅಷ್ಟು ಕಾಲಾವಕಾಶವಿರುವಾಗ ಜಿನೀವಾದಲ್ಲಿ ನೀರು ನೀಲಿಯಾಗಿ ಕಾಣುವುದು ಸಹಜವೇ. ಸರೋವರವಿಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೂ ಅಲ್ಲೇ ಉತ್ತರವಿದೆ. ನಗರದ ಅಂಚಿನಲ್ಲಿ ರೋನ್ ನದಿಯನ್ನು ಕೂಡುವ ಆರ್ವ್ ನದಿ ಮಾಂ ಬ್ಲಾಂ ಪರ್ವತದ ಹಿಮನದಿಗಳ ನೀರನ್ನು ಇಂಥ ಯಾವ ದೊಡ್ಡ ಸರೋವರದ ತಡೆಯೂ ಇಲ್ಲದೆ ತರುವುದರಿಂದ, ಸಂಗಮದಲ್ಲಿ ನೀಲಿ ಮತ್ತು ಮಣ್ಣುಬಣ್ಣದ ಎರಡು ಧಾರೆಗಳು ಸ್ವಲ್ಪ ದೂರ ಬೆರೆಯದೆ ಅಕ್ಕಪಕ್ಕದಲ್ಲೇ ಹರಿಯುತ್ತವೆ.

ಲೋಸಾನ್ ದಾಟಿ, ದ್ರಾಕ್ಷಿತೋಟಗಳ ಲಾವೋ ಇಳಿಜಾರನ್ನೂ ಶಿಯೋಂ ಕೋಟೆಯನ್ನೂ ಕಳೆದು ಸರೋವರದ ತಲೆಭಾಗಕ್ಕೆ ಬಂದರೆ, ನದಿ ಒಳಬರುವ ಜಾಗ ಸಿಗುತ್ತದೆ. ಇಲ್ಲಿ ರೋನ್ ನೀರು ಸರೋವರದ ಮೇಲೆ ಹರಡಿಕೊಳ್ಳುವುದಿಲ್ಲ, ದಡದಿಂದ ತುಸು ದೂರ ಹೋಗಿ ಮುಳುಗಿಬಿಡುತ್ತದೆ. ಹಿಮದಿಂದ ಬಂದ ನೀರು ತಂಪಾಗಿರುತ್ತದೆ, ಮೇಲಾಗಿ ಕಲ್ಲಿನ ಪುಡಿಯನ್ನು ಹೊತ್ತಿರುತ್ತದೆ. ಈ ಎರಡೂ ಕಾರಣಗಳಿಂದ ಅದರ ಸಾಂದ್ರತೆ ಸರೋವರದ ಬೆಚ್ಚಗಿನ ಮೇಲ್ಪದರಕ್ಕಿಂತ ಹೆಚ್ಚು. ಆದ್ದರಿಂದ ಅದು ತನ್ನಷ್ಟೇ ಸಾಂದ್ರತೆಯ ಪದರ ಸಿಗುವವರೆಗೆ ಇಳಿದು, ಆ ಮಟ್ಟದಲ್ಲಿ ಹರಡುತ್ತದೆ. ದೊಡ್ಡ ಪ್ರವಾಹವಿದ್ದಾಗ ನೆಲ ಹಿಡಿದು ಆಳಕ್ಕೆ ಹರಿಯುತ್ತದೆ. ಹೀಗೆ ತಳದಲ್ಲಿ ಹರಿದ ಕೆಸರುಧಾರೆಗಳು ಸರೋವರದ ಹಾಸಿನಲ್ಲಿ ಹಲವು ಕಿಲೋಮೀಟರ್ ಉದ್ದದ ಕಂದಕವನ್ನೇ ಉಳಿಸಿಕೊಂಡಿವೆ. ದಡದ ಮೊರ್ಜ್ ಎಂಬ ಊರಿನಲ್ಲಿ ಹುಟ್ಟಿ, ಸರೋವರಗಳ ಅಧ್ಯಯನವನ್ನು ಒಂದು ಸ್ವತಂತ್ರ ವಿಜ್ಞಾನವಾಗಿ ಕಟ್ಟಿದ ಫ್ರಾನ್ಸ್ವಾ ಅಲ್ಫೋನ್ಸ್ ಫೊರೆಲ್ ಅವರು 1880ರ ದಶಕದಲ್ಲೇ ಈ ಮುಳುಗು ಕಂದಕವನ್ನು ವಿವರಿಸಿ, ಅದರ ರಚನೆಗೆ ನದಿಯ ಇಳಿಹರಿವೇ ಕಾರಣವೆಂದು ತರ್ಕಿಸಿದ್ದರು. ನಾವು ನಕ್ಷೆಯಲ್ಲಿ ನದಿ ಇಲ್ಲಿಗೆ ಮುಗಿಯಿತೆಂದು ಗೆರೆ ನಿಲ್ಲಿಸುವಲ್ಲಿಂದ ಅದು ಕಾಣದಂತೆ ಮುಂದುವರಿಯುತ್ತಿದೆ ಎಂದು ಕಂಡುಕೊಂಡ ಫೊರೆಲ್ ಅವರ ಬಗ್ಗೆ ನನಗೆ ಅಪಾರ ಗೌರವವಿದೆ. 2011ರಲ್ಲಿ ರಷ್ಯಾದ ಮಿರ್ ಜಲಾಂತರ ನೌಕೆಗಳಲ್ಲಿ ಕುಳಿತು ಸಂಶೋಧಕರು ಆ ಕಂದಕದೊಳಗೇ ಇಳಿದರು.

ಈ ಇಳಿಹರಿವಿಗೆ ಮತ್ತೊಂದು ಮಹತ್ವವಿದೆ. ಸರೋವರದ ಮೇಲಿನ ನೀರು ಚಳಿಗಾಲದಲ್ಲಿ ಸಾಕಷ್ಟು ತಣಿದಾಗ ಮಾತ್ರ ಕೆಳಗಿನ ನೀರಿನೊಂದಿಗೆ ಪೂರ್ತಿಯಾಗಿ ಬೆರೆತು ಆಮ್ಲಜನಕವನ್ನು ತಳಕ್ಕೆ ಮುಟ್ಟಿಸುತ್ತದೆ. 2012ರ ಚಳಿಗಾಲದ ನಂತರ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಅಂಥ ಪೂರ್ಣ ಬೆರಕೆ ನಡೆಯಲಿಲ್ಲ. ಹೀಗಿರುವಾಗ ನದಿ ತನ್ನ ತಂಪು ನೀರಿನೊಂದಿಗೆ ಆಳಕ್ಕೆ ಒಯ್ಯುವ ಆಮ್ಲಜನಕದ ಬೆಲೆ ಹೆಚ್ಚುತ್ತದೆ.

ನದಿ ತಂದು ರಾಶಿ ಹಾಕಿದ ಕೆಸರು ಸದಾ ಶಾಂತವಾಗಿಯೂ ಇರುವುದಿಲ್ಲ. ಕ್ರಿ.ಶ. 563ರಲ್ಲಿ ಕಣಿವೆಯಲ್ಲಿ ಬೆಟ್ಟವೊಂದು ಕುಸಿಯಿತೆಂದೂ, ಸರೋವರ ಉಕ್ಕಿ ದಡದ ಊರುಗಳನ್ನು ಹಾಳುಮಾಡಿತೆಂದೂ ಆ ಕಾಲದ ಇಬ್ಬರು ಬಿಷಪರು, ತೂರ್ ನಗರದ ಗ್ರೆಗರಿ ಮತ್ತು ಅವಾಂಶಿನ ಮಾರಿಯಸ್, ಬರೆದಿಟ್ಟಿದ್ದಾರೆ. ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸರೋವರದ ಆಳದಲ್ಲಿ ಸರಾಸರಿ 5 ಮೀಟರ್ ದಪ್ಪದ, ಒಂದೇ ಬಾರಿಗೆ ಬಂದು ಕುಳಿತ ಕೆಸರಿನ ಹಾಸನ್ನು ಗುರುತಿಸಿ 2012ರಲ್ಲಿ ವರದಿ ಮಾಡಿದರು. ಕುಸಿದ ಬಂಡೆಗಳ ಹೊಡೆತಕ್ಕೆ ನದೀಮುಖದ ಕೆಸರುರಾಶಿ ಜಾರಿತು, ಆ ಜಾರುವಿಕೆ ಅಲೆಯನ್ನು ಎಬ್ಬಿಸಿತು ಎಂಬುದು ಅವರ ವಿವರಣೆ. ಅವರ ಲೆಕ್ಕದಂತೆ ಜಿನೀವಾ ತಲುಪಿದಾಗಲೂ ಆ ಅಲೆ ಸುಮಾರು 8 ಮೀಟರ್ ಎತ್ತರವಿತ್ತು. ಸುನಾಮಿಗೆ ಸಮುದ್ರವೇ ಬೇಕೆಂದಿಲ್ಲ.

ಸರೋವರ ಬಿಟ್ಟು ಕಣಿವೆಯೊಳಗೆ ಹೊಕ್ಕರೆ ಸಪಾಟು ನೆಲದ ಎರಡೂ ಬದಿಗೆ ಗೋಡೆಯಂಥ ಬೆಟ್ಟಗಳು. ಹಿಮನದಿ ಆಳವಾಗಿ ಕೊರೆದ ತೊಟ್ಟಿಯನ್ನು ನದಿ ನೂರಾರು ಮೀಟರ್ ದಪ್ಪದ ಕೆಸರು ಮತ್ತು ಜಲ್ಲಿಯಿಂದ ತುಂಬಿದ್ದರಿಂದ ಈ ನೆಲ ಇಷ್ಟು ಮಟ್ಟಸವಾಗಿದೆ. ಆದರೆ ಇದು ಹಿಮನದಿಯ ಕೆಲಸವೆಂದು ಜನ ಒಪ್ಪಿದ್ದು ಇನ್ನೂರು ವರ್ಷಗಳೊಳಗೆ, ಅದೂ ಇದೇ ಕಣಿವೆಯ ಆಸುಪಾಸಿನಲ್ಲಿ. ಮಾಂಥೆ ಊರಿನ ಮೇಲಿನ ಇಳಿಜಾರಿನಲ್ಲಿ ಮನೆಗಾತ್ರದ ಗ್ರಾನೈಟ್ ಬಂಡೆಗಳಿವೆ. ಅಲ್ಲಿನ ಬೆಟ್ಟ ಗ್ರಾನೈಟಿನದಲ್ಲ, ಅವು ದೂರದ ಮಾಂ ಬ್ಲಾಂ ಕಡೆಯವು. ಅವನ್ನು ಮಹಾಪ್ರವಾಹವೊಂದು ಉರುಳಿಸಿತೆಂದು ಪಂಡಿತರು ಹೇಳುತ್ತಿದ್ದಾಗ, ಬಾನ್ಯ್ ಕಣಿವೆಯ ಬೇಟೆಗಾರ ಜಾನ್ ಪಿಯೇರ್ ಪೆರೋದಾಂ ಅಂಥ ಬಂಡೆಗಳು ನೀರಿಗೆ ಕದಲುವಂಥವಲ್ಲ, ಹಿಂದೊಮ್ಮೆ ಹಿಮನದಿ ಇಡೀ ಕಣಿವೆಯನ್ನು ತುಂಬಿತ್ತು ಎಂದು 1815ರಲ್ಲಿ ಬೆ ಊರಿನ ಉಪ್ಪಿನ ಗಣಿಯ ನಿರ್ದೇಶಕ ಜಾನ್ ದ ಶಾರ್ಪಾಂತಿಯೇ ಅವರಿಗೆ ಹೇಳಿದ. ಅವರು ಆಗ ನಂಬಲಿಲ್ಲ. 1818ರ ಜೂನ್ 16ರಂದು ಬಾನ್ಯ್ ಕಣಿವೆಯಲ್ಲಿ ಜಿಯೆತ್ರೋ ಹಿಮನದಿಯಿಂದ ಬಿದ್ದ ಮಂಜುಗಡ್ಡೆಯ ಒಡ್ಡು ಒಡೆದು, ಅದರ ಹಿಂದೆ ಕಟ್ಟಿದ್ದ ನೀರು ಮಾರ್ತಿನ್ಯಿವರೆಗೂ ನುಗ್ಗಿ ಜನರನ್ನು ಬಲಿತೆಗೆದುಕೊಂಡಿತು. ಆ ಒಡ್ಡಿನಲ್ಲಿ ಸುರಂಗ ಕೊರೆಸಿ ನೀರನ್ನು ಮೆಲ್ಲಗೆ ಇಳಿಸಲು ಹೆಣಗಿದ ಎಂಜಿನಿಯರ್ ಇಗ್ನಾಜ್ ವೆನೆಟ್ಜ್ ಪೆರೋದಾಂ ಮಾತನ್ನು ಪರೀಕ್ಷಿಸಿ ಒಪ್ಪಿದರು, ಮುಂದೆ ಶಾರ್ಪಾಂತಿಯೇ ಅವರನ್ನೂ ಒಪ್ಪಿಸಿದರು. 1836ರ ಬೇಸಿಗೆಯನ್ನು ಬೆ ಊರಿನಲ್ಲಿ ಕಳೆದ ಲೂಯಿ ಅಗಾಸಿ ಮರುವರ್ಷ ಹಿಮಯುಗದ ಸಿದ್ಧಾಂತವನ್ನು ಸಾರಿದರು. ಕೀರ್ತಿಯಲ್ಲಿ ಹೆಚ್ಚಿನ ಪಾಲು ಅಗಾಸಿಗೆ ಸಂದಿತು. ಆ ಬೇಟೆಗಾರನಿಗೆ ಸಲ್ಲಬೇಕಾದದ್ದು ಇನ್ನೂ ಪೂರ್ತಿ ಸಂದಿಲ್ಲವೆಂದೇ ನನ್ನ ಅಭಿಪ್ರಾಯ.

ಮಾರ್ತಿನ್ಯಿಯಲ್ಲಿ ಕಣಿವೆ ಥಟ್ಟನೆ ಈಶಾನ್ಯಕ್ಕೆ ತಿರುಗುತ್ತದೆ. ಎರಡೂ ಕಡೆಯ ಪರ್ವತಗಳು ಮೋಡಗಳನ್ನು ತಡೆಯುವುದರಿಂದ ಸಿಯೋನ್ ನಗರಕ್ಕೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯಷ್ಟೇ. ಹಾಗಾಗಿ ಇಲ್ಲಿನ ರೈತರು ಶತಮಾನಗಳಿಂದ ಬಿಸ್ ಎಂಬ ಕಾಲುವೆಗಳನ್ನು ಬೆಟ್ಟದ ಬದಿಗೆ ಅಂಟಿಸಿದಂತೆ ಕಟ್ಟಿ, ಹಿಮ ಕರಗಿದ ನೀರನ್ನು ಹೊಲ-ತೋಟಗಳಿಗೆ ತಂದುಕೊಂಡಿದ್ದಾರೆ. ಸಿಯೋನ್ ಮೇಲಿನ ಪಕ್ಕದ ಕಣಿವೆಯಲ್ಲಿರುವ 285 ಮೀಟರ್ ಎತ್ತರದ ಗ್ರಾಂಡ್ ದಿಕ್ಸಾನ್ಸ್ ಅಣೆಕಟ್ಟು ಬೇಸಿಗೆಯ ನೀರನ್ನು ಹಿಡಿದಿಟ್ಟು ಚಳಿಗಾಲದ ವಿದ್ಯುತ್ತಿಗೆ ಬಿಡುತ್ತದೆ. ಇಂಥ ಜಲಾಶಯಗಳಿಂದಾಗಿ ರೋನ್ ನದಿಯ ಬೇಸಿಗೆಯ ಉಬ್ಬರ ಈಗ ಮೊದಲಿನಷ್ಟಿಲ್ಲ, ಸರೋವರ ಸೇರುವ ಕೆಸರೂ ಕಡಿಮೆಯಾಗಿದೆ.

ಬ್ರಿಗ್ ದಾಟಿದ ಮೇಲೆ ರಸ್ತೆ ಏರುತ್ತ 1,759 ಮೀಟರ್ ಎತ್ತರದ ಗ್ಲೆಚ್ ತಲುಪುತ್ತದೆ. 19ನೆಯ ಶತಮಾನದ ನಡುವಿನಲ್ಲಿ ರೋನ್ ಹಿಮನದಿಯ ನಾಲಗೆ ಇಲ್ಲಿನ ಬಯಲಿಗೇ ಚಾಚಿತ್ತು. 1874ರಲ್ಲಿ ಹಿಮನದಿಯ ಅಡ್ಡಕ್ಕೆ ಬಣ್ಣ ಬಳಿದ ಕಲ್ಲುಗಳ ಸಾಲುಗಳನ್ನಿಟ್ಟು ಅಳೆಯತೊಡಗಿದಾಗ, ನಡುವಿನ ಮಂಜುಗಡ್ಡೆ ಅಂಚಿಗಿಂತ ಬೇಗ ಜರುಗುವುದು ಸಾಲುಗಳ ಬಾಗಿನಲ್ಲೇ ಕಂಡಿತು. ಇಂದು ಅದನ್ನು ನೋಡಲು 2,429 ಮೀಟರ್ ಎತ್ತರದ ಫುರ್ಕಾ ಘಾಟಿಯ ತಿರುವುಗಳನ್ನು ಹತ್ತಬೇಕು. ಅಂಚಿನ ಮಂಜು ಬೇಗ ಕರಗದಿರಲೆಂದು ಹಲವು ವರ್ಷಗಳಿಂದ ಬೇಸಿಗೆಯಲ್ಲಿ ಬಿಳಿ ಹೊದಿಕೆ ಹಾಸಿದ್ದುಂಟು. 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಟ್ಜರ್‌ಲೆಂಡಿನ ಹಿಮನದಿಗಳು ತಮ್ಮ ಗಾತ್ರದ ಸುಮಾರು ಹತ್ತನೆಯ ಒಂದು ಭಾಗವನ್ನು ಕಳೆದುಕೊಂಡವು.

ಹಿಮನದಿ ಹಿಂದೆ ಸರಿದಂತೆ ಅದರ ಮುಂದೆ ಹೊಸದೊಂದು ಸರೋವರ ಬೆಳೆಯುತ್ತಿದೆ. ದಪ್ಪ ಕಣಗಳು ಈಗ ಮೊದಲು ಅಲ್ಲೇ ತಂಗುತ್ತವೆ, ನುಣುಪಾದವು ಮಾತ್ರ ಮುಂದೆ ಸಾಗುತ್ತವೆ. ಹೆಚ್ಚು ಕರಗುವಷ್ಟು ಕಾಲ ನೀರು ಹೆಚ್ಚು ಬರುತ್ತದೆ ನಿಜ, ಆದರೆ ಮಂಜುಗಡ್ಡೆಯ ದಾಸ್ತಾನು ಕುಗ್ಗಿದ ಬಳಿಕ ಜುಲೈ, ಆಗಸ್ಟ್ ತಿಂಗಳುಗಳ ಹರಿವು ಇಳಿಯಲೇಬೇಕು. ಆಗ ಸಿಯೋನ್ ಸುತ್ತಲಿನ ಬಿಸ್ ಕಾಲುವೆಗಳಿಗೂ, ಗಡಿಯಾಚೆ ಫ್ರಾನ್ಸಿನಲ್ಲಿ ಬಿರುಬೇಸಿಗೆಯ ದಿನಗಳಲ್ಲಿ ಇದೇ ನದಿಯನ್ನು ನೆಚ್ಚಿದ ಹೊಲಗಳಿಗೂ, ಆಳದ ಉಸಿರಿಗೆ ತಂಪು ನೀರು ಬೇಕಾದ ಲೆಮಾನ್ ಸರೋವರಕ್ಕೂ ಕೊರತೆ ಒಟ್ಟಿಗೇ ತಟ್ಟುತ್ತದೆ.