ಆರ್ಗಾನ್ ವೆಲ್ಡಿಂಗಿನಲ್ಲಿ ಬೆಸುಗೆ ಕಪ್ಪಾಗುವುದೇಕೆ?

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಕಳೆದ ಆಷಾಢದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ರೇಲಿಂಗಿನ ಕೆಲಸ ನಡೆದಿತ್ತು. ಬೆಳಿಗ್ಗೆ ಬೆಳ್ಳಿಯಂತೆ ಹೊಳೆಯುತ್ತಿದ್ದ ಬೆಸುಗೆ ಮಧ್ಯಾಹ್ನದ ಹೊತ್ತಿಗೆ ಕಪ್ಪಿಡತೊಡಗಿತು; ಅಲ್ಲಲ್ಲಿ ಸೂಜಿಮೊನೆಯಷ್ಟು ತೂತುಗಳೂ ಕಾಣಿಸಿಕೊಂಡವು. "ಮಷೀನ್ ಕೆಟ್ಟೈತ್ರಿ ಸರ, ಸರ್ವಿಸಿಗೆ ಕಳಸೂದ ಪಾಡ" ಎಂದು ಮಿಸ್ತ್ರಿಯವರು ಬೆಸುಗೆ ಹಾಕುವ ಹಿಡಿಕೆಯನ್ನು, ಅಂದರೆ ಟಾರ್ಚನ್ನು, ಕೆಳಗಿಟ್ಟರು. ಯಂತ್ರ ಕೆಟ್ಟಿರಲಿಲ್ಲ. ಅದನ್ನು ತಿಳಿಯಲು ನಮಗೆ ಒಂದು ತಾಸು ಹಿಡಿಯಿತು. ಆ ಒಂದು ತಾಸಿನಲ್ಲಿ ಮಾಡಿದ ಪರೀಕ್ಷೆಗಳ ಹಿಂದಿರುವ ವಿಜ್ಞಾನ ಗೊತ್ತಿದ್ದರೆ ಎಷ್ಟೋ ಯಂತ್ರಗಳು ಸುಮ್ಮನೆ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತುವುದು ತಪ್ಪುತ್ತದೆ ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಆ ರೇಲಿಂಗಿಗೆ ಹಾಕುತ್ತಿದ್ದುದು ಟಿಗ್ ಬೆಸುಗೆ. ಟಿಗ್ ಎಂಬುದು 'ಟಂಗ್‌ಸ್ಟನ್ ಇನರ್ಟ್ ಗ್ಯಾಸ್' ಎಂಬ ಮೂರು ಪದಗಳ ಮೊದಲಕ್ಷರಗಳಿಂದಾದ ಹೆಸರು. ನಮ್ಮ ಕಡೆಯ ವರ್ಕ್‌ಶಾಪುಗಳಲ್ಲಿ ಹಾಗೆನ್ನುವವರಿಗಿಂತ 'ಆರ್ಗಾನ್ ವೆಲ್ಡಿಂಗ್' ಎನ್ನುವವರೇ ಹೆಚ್ಚು. ನನಗೆ ಈ ಎರಡನೆಯ ಹೆಸರೇ ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ಇಲ್ಲಿ ಬೆಸುಗೆಯ ಒಳ್ಳೆಯದು ಕೆಟ್ಟದ್ದನ್ನು ಹೆಚ್ಚಾಗಿ ನಿರ್ಧರಿಸುವುದು ಆ ಅನಿಲವೇ. ಗೇಟು, ಕಿಟಕಿ ಮಾಡುವ ಮಾಮೂಲಿ ವೆಲ್ಡಿಂಗಿನಲ್ಲಿ ರಾಡೇ ಕರಗಿ ಬೆಸುಗೆಯಾಗುತ್ತದೆ. ರಾಡಿನ ಮೇಲಿನ ಲೇಪ ಸುಟ್ಟು ಹೊಗೆಯಾಗಿ, ಸ್ಲ್ಯಾಗ್ ಎಂಬ ಗಟ್ಟಿ ಹೊದಿಕೆಯಾಗಿ ಬಿಸಿ ಲೋಹವನ್ನು ಗಾಳಿಯಿಂದ ಕಾಯುತ್ತದೆ. ಟಿಗ್‌ನಲ್ಲಿ ಆರ್ಕ್, ಅಂದರೆ ಲೋಹವನ್ನು ಕರಗಿಸುವ ವಿದ್ಯುತ್ ಜ್ವಾಲೆ, ಹೊರಡುವ ಟಂಗ್‌ಸ್ಟನ್ ಕಡ್ಡಿ ಕರಗುವುದೇ ಇಲ್ಲ. ಲೋಹಗಳಲ್ಲೆಲ್ಲ ಅತಿ ಹೆಚ್ಚಿನ, ಅಂದರೆ 3,422 ಡಿಗ್ರಿ ಸೆಲ್ಸಿಯಸ್ ಕರಗುವ ಬಿಂದು ಅದರದು. ತುಂಬಬೇಕಾದ ಲೋಹವನ್ನು ಇನ್ನೊಂದು ಕೈಯಲ್ಲಿ ಹಿಡಿದ ತೆಳ್ಳನೆಯ ಫಿಲ್ಲರ್ ಕಡ್ಡಿಯಿಂದ ಹನಿಹನಿಯಾಗಿ ಕೊಡಬೇಕು. ಲೇಪವಿಲ್ಲ, ಸ್ಲ್ಯಾಗಿಲ್ಲ, ಕಾವಲಿಗೆ ಟಾರ್ಚಿನ ಬಾಯಿಯ ಪಿಂಗಾಣಿ ಕಪ್‌ನಿಂದ ಇಳಿದು ಬರುವ ಆರ್ಗಾನ್ ಒಂದೇ.

ನಾವು ಉಸಿರಾಡುವ ಗಾಳಿಯಲ್ಲೇ ಸುಮಾರು ಶೇ. 0.93ರಷ್ಟು ಆರ್ಗಾನ್ ಇದೆ. ಆದರೂ ಅದು ಯಾವುದರೊಡನೆಯೂ ಕೂಡದ ಅನಿಲವಾದ್ದರಿಂದ 1894ರಲ್ಲಿ ಬ್ರಿಟಿಷ್ ವಿಜ್ಞಾನಿಗಳಾದ ರ‍್ಯಾಲೆ ಮತ್ತು ರಾಮ್ಸೆ ಅದನ್ನು ಪತ್ತೆ ಹಚ್ಚುವವರೆಗೆ ಯಾರೂ ಅದನ್ನು ಗುರುತಿಸಿರಲಿಲ್ಲ. ಗ್ರೀಕ್ ಭಾಷೆಯ 'ಸೋಮಾರಿ' ಎಂಬ ಅರ್ಥದ ಪದದಿಂದ ಅವರು ಅದಕ್ಕೆ ಹೆಸರಿಟ್ಟರು. ಈ ಸೋಮಾರಿತನವೇ ವೆಲ್ಡಿಂಗಿಗೆ ಬೇಕಾದ ಗುಣ. 1940ರ ದಶಕದ ಆರಂಭದಲ್ಲಿ ಅಮೆರಿಕದ ನಾರ್ಥ್ರಪ್ ವಿಮಾನ ಕಂಪನಿಯ ರಸೆಲ್ ಮೆರೆಡಿತ್, ಕಾದಾಗ ಗಾಳಿ ತಾಗಿದರೆ ಹೊತ್ತಿಕೊಳ್ಳುವ ಮೆಗ್ನೀಸಿಯಂ ಲೋಹವನ್ನು ಬೆಸೆಯಲು ಟಂಗ್‌ಸ್ಟನ್ ಆರ್ಕಿನ ಸುತ್ತ ಹೀಲಿಯಂ ಹರಿಸಿ ಈ ವಿಧಾನವನ್ನು ಬಳಕೆಗೆ ತಂದರು. ಮುಂದೆ ಹೀಲಿಯಂನ ಜಾಗಕ್ಕೆ ಆರ್ಗಾನ್ ಬಂತು. ಅದು ಗಾಳಿಗಿಂತ ಸುಮಾರು 1.4 ಪಟ್ಟು ಭಾರವಾದ್ದರಿಂದ ಹಾರಿಹೋಗದೆ ಬೆಸುಗೆಯ ಮೇಲೆ ಕಂಬಳಿಯಂತೆ ಕೂಡುತ್ತದೆ. ಆರ್ಕ್ ಕೂಡ ಅದರಲ್ಲಿ ಸುಲಭವಾಗಿ ಹೊತ್ತುತ್ತದೆ.

ಆ ಕಂಬಳಿ ಸರಿದರೆ ಏನಾಗುತ್ತದೆ ಎಂಬುದನ್ನು ಸ್ಟೇನ್‌ಲೆಸ್ ಸ್ಟೀಲ್ ತಾನೇ ಬಣ್ಣದಲ್ಲಿ ಬರೆದು ತೋರಿಸುತ್ತದೆ. ಈ ಉಕ್ಕಿಗೆ ತುಕ್ಕು ಹಿಡಿಯದಿರಲು ಕಾರಣ ಅದರಲ್ಲಿರುವ ಕ್ರೋಮಿಯಂ; ಅದು ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆಯಾಗಿ ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಬಿಸಿಯಿರುವಾಗಲೇ ಗಾಳಿ ತಾಗಿದರೆ ಈ ಪೊರೆ ದಪ್ಪವಾಗುತ್ತ ಹೋಗುತ್ತದೆ. ಮಳೆ ನಿಂತ ರಸ್ತೆಯ ನೀರಿನ ಮೇಲೆ ಡೀಸೆಲ್ ಹನಿ ಹರಡಿದಾಗ ಕಾಣುವ ಕಾಮನಬಿಲ್ಲಿನ ಬಣ್ಣಗಳಿಗೂ, ಬೆಸುಗೆಯ ಅಂಚಿನ ಬಣ್ಣಗಳಿಗೂ ಕಾರಣ ಒಂದೇ: ಪೊರೆಯ ಮೇಲ್ಭಾಗದಿಂದ ಮತ್ತು ತಳದಿಂದ ಮರಳುವ ಬೆಳಕಿನ ಅಲೆಗಳು ಒಂದರೊಡನೊಂದು ಕೂಡಿ ಕೆಲವು ಬಣ್ಣಗಳನ್ನು ಅಳಿಸಿ ಕೆಲವನ್ನು ಉಳಿಸುತ್ತವೆ. ಪೊರೆ ತೆಳುವಿದ್ದಾಗ ತಿಳಿಹುಲ್ಲಿನ ಬಣ್ಣ, ಇನ್ನಷ್ಟು ದಪ್ಪವಾದರೆ ಬಂಗಾರ, ಆಮೇಲೆ ನೇರಳೆ, ನೀಲಿ. ಕೊನೆಗೆ ಬೂದು ಮತ್ತು ಕಪ್ಪು. ಬಂಗಾರದ ಬಣ್ಣದವರೆಗೆ ರೇಲಿಂಗಿನಂಥ ಕೆಲಸಕ್ಕೆ ಚಿಂತೆಯಿಲ್ಲ. ಬೂದಾದರೆ ಆ ಜಾಗದ ಕ್ರೋಮಿಯಂ ಬಹಳಷ್ಟು ಆಕ್ಸೈಡಾಗಿ ಹೋಗಿದೆಯೆಂದೇ ಅರ್ಥ, ಅದನ್ನು ಸ್ವಚ್ಛಗೊಳಿಸದೆ ಬಿಟ್ಟರೆ ಮುಂದಿನ ಮಳೆಗಾಲದಲ್ಲಿ ಅಲ್ಲೇ ತುಕ್ಕು ಇಣುಕುತ್ತದೆ.

ತಾರಿಹಾಳದ ಬೆಸುಗೆ ನೇರವಾಗಿ ಕಪ್ಪಾಗಿದ್ದರಿಂದ ಗಾಳಿ ಒಳನುಗ್ಗುತ್ತಿದೆ ಎಂಬುದು ಖಚಿತವಾಗಿತ್ತು. ಎಲ್ಲಿಂದ ಎಂಬುದೇ ಪ್ರಶ್ನೆ. ಮೊದಲ ಉತ್ತರ ಶೆಡ್ಡಿನ ಬಾಗಿಲಲ್ಲೇ ಇತ್ತು. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳನ್ನು ತಿರುಗಿಸುವ ಆಷಾಢದ ಗಾಳಿ ನಮ್ಮ ಹುಬ್ಬಳ್ಳಿಯನ್ನೂ ಬಿಡುವುದಿಲ್ಲ; ಮಧ್ಯಾಹ್ನ ಶಟರ್ ಮೇಲಕ್ಕೆತ್ತಿದ ಮೇಲೆ ಅದು ನೇರವಾಗಿ ಕೆಲಸದ ಮೇಜಿನ ಮೇಲೆ ಬೀಸುತ್ತಿತ್ತು. ಸೆಕೆಂಡಿಗೆ ಎರಡು ಮೀಟರ್ ವೇಗದ ಗಾಳಿ, ಎಂದರೆ ಎಲೆಗಳು ಅಲುಗಾಡುವಷ್ಟು ಗಾಳಿ, ಆರ್ಗಾನಿನ ಹೊದಿಕೆಯನ್ನು ಕೆಡಿಸಲು ಸಾಕು. ಇದನ್ನು ಎದುರಿಸಲು ಮಿಸ್ತ್ರಿಯವರು ಅನಿಲದ ಹರಿವನ್ನು ನಿಮಿಷಕ್ಕೆ 8 ಲೀಟರಿನಿಂದ 20ಕ್ಕೆ ಏರಿಸಿದ್ದರು. ಬಹಳ ಮಂದಿ ಮಾಡುವ ತಪ್ಪು ಇದು. ನಲ್ಲಿಯನ್ನು ಸ್ವಲ್ಪ ತಿರುಗಿಸಿದಾಗ ನೀರು ಗಾಜಿನ ಕಡ್ಡಿಯಂತೆ ನಯವಾಗಿ ಇಳಿಯುತ್ತದೆ, ಪೂರ್ತಿ ತಿರುಗಿಸಿದರೆ ಸುಳಿಸುಳಿಯಾಗಿ ಸಿಡಿಯುತ್ತದೆ. ಅನಿಲವೂ ಹಾಗೆಯೇ. ಸಣ್ಣ ಕಪ್‌ನಿಂದ ಅತಿಯಾಗಿ ನುಗ್ಗಿದ ಆರ್ಗಾನ್ ಸುಳಿಯಾಗಿ ಸುತ್ತಲಿನ ಗಾಳಿಯನ್ನೂ ತನ್ನೊಳಗೆ ಎಳೆದುಕೊಳ್ಳುತ್ತದೆ. ಸಾಧಾರಣ ಕೆಲಸಕ್ಕೆ ನಿಮಿಷಕ್ಕೆ 7ರಿಂದ 10 ಲೀಟರ್ ಸಾಕು. ಸುಮಾರು 7 ಘನ ಮೀಟರ್ ಅನಿಲ ಹಿಡಿಯುವ ದೊಡ್ಡ ಸಿಲಿಂಡರು 8 ಲೀಟರಿನ ಹರಿವಿನಲ್ಲಿ ಹದಿನಾಲ್ಕು ತಾಸಿಗೂ ಹೆಚ್ಚು ಕಾಲ ಬರುತ್ತದೆ. 20ಕ್ಕೆ ಏರಿಸಿದರೆ ಆರು ತಾಸಿಗೆ ಮುಗಿಯುತ್ತದೆ, ಬೆಸುಗೆಯೂ ಕೆಡುತ್ತದೆ.

ತಾಡಪತ್ರಿ ಕಟ್ಟಿ, ಹರಿವನ್ನು 8ಕ್ಕೆ ಇಳಿಸಿದಾಗ ಬೆಸುಗೆ ಸುಧಾರಿಸಿತು, ಆದರೆ ಪೂರ್ತಿ ಅಲ್ಲ. ಆಗ ನೋಡಬೇಕಾದದ್ದು ಟಂಗ್‌ಸ್ಟನ್ನಿನ ತುದಿಯನ್ನು. ಆರ್ಕ್ ನಿಲ್ಲಿಸಿದ ಮೇಲೂ ಕೆಲವು ಸೆಕೆಂಡು ಅನಿಲ ಹರಿಯುತ್ತಲೇ ಇರುವಂತೆ ಯಂತ್ರದಲ್ಲಿ ಏರ್ಪಾಡಿರುತ್ತದೆ. ಅದನ್ನು ಪೋಸ್ಟ್ ಫ್ಲೋ ಎನ್ನುತ್ತಾರೆ. ಪ್ರತಿ 10 ಆಂಪಿಯರಿಗೆ ಒಂದು ಸೆಕೆಂಡು ಎಂಬುದು ರೂಢಿಯ ಲೆಕ್ಕ. ಕೆಂಪಗೆ ಕಾದ ಟಂಗ್‌ಸ್ಟನ್ ತಣ್ಣಗಾಗುವವರೆಗೆ ಆರ್ಗಾನಿನಲ್ಲೇ ಇದ್ದರೆ ತುದಿ ಬೆಳ್ಳಿಯಂತೆ ಉಳಿಯುತ್ತದೆ. ನಾವು ಟಾರ್ಚನ್ನು ಅಲುಗಾಡಿಸದೆ ಹಿಡಿದು ಹತ್ತು ಸೆಕೆಂಡು ಕಾದೆವು, ಆದರೂ ತುದಿ ನೀಲಿಗಪ್ಪಾಗಿತ್ತು. ತಾಡಪತ್ರಿಯ ಮರೆಯಲ್ಲೂ ಗಾಳಿ ಸೇರುತ್ತಿದೆ ಎಂದರೆ ಅದು ಟಾರ್ಚಿನ ಒಳಗಿನಿಂದಲೇ ಬರುತ್ತಿರಬೇಕು.

ಸೋರಿಕೆಯನ್ನು ಹುಡುಕಲು ಒಂದು ಸರಳ ಕ್ರಮವಿದೆ. ಸಿಲಿಂಡರಿನ ವಾಲ್ವ್ ತೆರೆದು, ಟಾರ್ಚಿನ ಸ್ವಿಚ್ ಒತ್ತದೆ, ಮತ್ತೆ ವಾಲ್ವ್ ಮುಚ್ಚಿ ರೆಗ್ಯುಲೇಟರಿನಲ್ಲಿ ಒತ್ತಡ ತೋರಿಸುವ ಮುಳ್ಳನ್ನು ನೋಡುತ್ತಿರಬೇಕು. ಮುಳ್ಳು ಮೆಲ್ಲಗೆ ಇಳಿದರೆ ಸಿಲಿಂಡರಿಗೂ, ಸ್ವಿಚ್ ಒತ್ತಿದಾಗ ವಿದ್ಯುತ್ತಿನಿಂದ ತೆರೆದುಕೊಳ್ಳುವ ಯಂತ್ರದೊಳಗಿನ ಸೊಲೆನಾಯ್ಡ್ ವಾಲ್ವಿಗೂ ನಡುವೆ ಎಲ್ಲೋ ಸೋರಿಕೆಯಿದೆ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಜಾಗ ತೋರಿಸುತ್ತದೆ. ನಮ್ಮ ಮುಳ್ಳು ಅಲುಗಲಿಲ್ಲ. ಹಾಗಾದರೆ ದೋಷ ಸೊಲೆನಾಯ್ಡಿನಿಂದ ಮುಂದೆ, ಪೈಪಿನಲ್ಲೋ ಟಾರ್ಚಿನಲ್ಲೋ. ಟಾರ್ಚಿನ ಹಿಂಬದಿಯ ಕ್ಯಾಪ್ ಬಿಚ್ಚಿದಾಗ ಅದರ ಬುಡದ ಕಪ್ಪು ರಬ್ಬರಿನ ಓ-ರಿಂಗ್ ಬಿಸಿಲಿಗೆ ಒಣಗಿದ ಬಳ್ಳಿಯಂತೆ ಒಡೆದು, ಬೆರಳು ತಾಗಿದೊಡನೆ ಎರಡು ತುಂಡಾಯಿತು. ಟಾರ್ಚಿನೊಳಗೆ ಅನಿಲ ವೇಗವಾಗಿ ಹರಿಯುವಾಗ ಆ ಸೀಳಿನಿಂದ ಹೊರಗಿನ ಗಾಳಿ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಹೊಸ ರಿಂಗ್ ಹಾಕಿ, ಟಂಗ್‌ಸ್ಟನ್ನನ್ನು ಮತ್ತೆ ಚೂಪು ಮಾಡಿ, ಸ್ವಚ್ಛವಾದ ತುಂಡಿನ ಮೇಲೆ ಎರಡು ಸೆಕೆಂಡು ಆರ್ಕ್ ನಿಲ್ಲಿಸಿದಾಗ ಮೂಡಿದ ಚುಕ್ಕೆ ಹೊಸ ನಾಣ್ಯದಂತೆ ಹೊಳೆಯಿತು.

ಚೂಪು ಮಾಡುವುದರಲ್ಲೂ ಒಂದು ರೀತಿಯಿದೆ. ಕಡ್ಡಿಯನ್ನು ಗ್ರೈಂಡರ್ ಚಕ್ರಕ್ಕೆ ಅಡ್ಡ ಹಿಡಿದರೆ ಗೆರೆಗಳು ಸುತ್ತುಬಳಸಿ ಬೀಳುತ್ತವೆ, ಆರ್ಕ್ ಆ ಗೆರೆಗಳ ಅಂಚಿನಿಂದ ಅಂಚಿಗೆ ಅಲೆಯುತ್ತದೆ. ಉದ್ದಕ್ಕೆ ಹಿಡಿದರೆ ಗೆರೆಗಳು ತುದಿಯತ್ತ ಓಡಿ ಆರ್ಕ್ ನೆಟ್ಟಗೆ ನಿಲ್ಲುತ್ತದೆ. ಕೆಂಪು ತುದಿಯ ಕಡ್ಡಿಗಳಲ್ಲಿ ವಿಕಿರಣಶೀಲವಾದ ಥೋರಿಯಂ ಇರುವುದರಿಂದ ಅದರ ಹುಡಿ ಉಸಿರಿಗೆ ಹೋಗಬಾರದು. ಲ್ಯಾಂಥನಂ ಅಥವಾ ಸೀರಿಯಂ ಬೆರೆತ ಕಡ್ಡಿಗಳು ಕೆಲಸದಲ್ಲಿ ಏನೂ ಕಡಿಮೆಯಿಲ್ಲ, ಅವನ್ನೇ ಕೊಳ್ಳಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮಾಮೂಲಿ ವೆಲ್ಡಿಂಗಿನಿಂದ ಟಿಗ್‌ಗೆ ಹೊಸದಾಗಿ ಬಂದವರಲ್ಲಿ ಇನ್ನೊಂದು ದೂರು ಪದೇ ಪದೇ ಕೇಳುತ್ತೇನೆ: ಆರ್ಕ್ ಹೊತ್ತಿದೊಡನೆ ಟಂಗ್‌ಸ್ಟನ್ ಉಂಡೆಯಾಗಿ ಬೆಸುಗೆಯೊಳಗೆ ಉದುರುತ್ತದೆ. ಡಿಸಿ ಯಂತ್ರದಲ್ಲಿ ಟಾರ್ಚಿನ ಕೇಬಲ್ ಹಳೆಯ ಅಭ್ಯಾಸದಂತೆ ಪ್ಲಸ್ ತುದಿಯಲ್ಲಿ ಉಳಿದಿರುವುದೇ ಇದಕ್ಕೆ ಕಾರಣ. ಆರ್ಕಿನಲ್ಲಿ ಎಲೆಕ್ಟ್ರಾನುಗಳು ಮೈನಸ್ಸಿನಿಂದ ಹೊರಟು ಪ್ಲಸ್ಸಿಗೆ ಬಂದು ಅಪ್ಪಳಿಸುತ್ತವೆ, ತಮ್ಮ ಶಕ್ತಿಯನ್ನೆಲ್ಲ ಅಲ್ಲಿ ಸುರಿಯುತ್ತವೆ. ಸುಮಾರು ಮೂರರಲ್ಲಿ ಎರಡು ಪಾಲು ಶಾಖ ಪ್ಲಸ್ ಬದಿಯಲ್ಲೇ ಹುಟ್ಟುತ್ತದೆ. ಟಾರ್ಚ್ ಮೈನಸ್ಸಿಗಿದ್ದರೆ ಈ ಶಾಖ ಕೆಲಸದ ತುಂಡಿಗೆ ಸಿಗುತ್ತದೆ. ಅಷ್ಟೇ ಅಲ್ಲ, ಟಂಗ್‌ಸ್ಟನ್ನಿನಿಂದ ಹೊರಬೀಳುವ ಎಲೆಕ್ಟ್ರಾನುಗಳು, ಬೆವರು ಆರುವಾಗ ಮೈಯ ಬಿಸಿಯನ್ನು ಒಯ್ಯುವಂತೆ, ಅದರ ಶಾಖವನ್ನೂ ಒಯ್ಯುತ್ತವೆ. ಹತ್ತು ಸಾವಿರ ಡಿಗ್ರಿಗೂ ಮೀರಿದ ಆರ್ಕಿನ ಬಾಯಲ್ಲಿ ಆ ಕಡ್ಡಿ ಕರಗದೆ ನಿಲ್ಲುವ ಗುಟ್ಟಿನಲ್ಲಿ ಇದೂ ಒಂದು.

ಆದರೆ ಅಲ್ಯೂಮಿನಿಯಂ ಈ ನಿಯಮಕ್ಕೆ ಹೊರತು. ಲೋಹ 660 ಡಿಗ್ರಿಗೆ ಕರಗಿದರೆ ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿ ದಾಟಬೇಕು. ಕೆನೆಗಟ್ಟಿದ ಹಾಲಿನಂತೆ ಒಳಗೆ ದ್ರವ, ಮೇಲೆ ಪದರ. ತುಂಡು ಮೈನಸ್ ಆಗಿರುವ ಗಳಿಗೆಯಲ್ಲಿ ಆ ಪದರ ಒಡೆದು ಚದುರುತ್ತದೆ, ಪ್ಲಸ್ ಆಗಿರುವ ಗಳಿಗೆಯಲ್ಲಿ ಶಾಖ ಇಳಿಯುತ್ತದೆ. ಎರಡೂ ಬೇಕಾದ್ದರಿಂದ ಪ್ಲಸ್ ಮೈನಸ್ ಅದಲುಬದಲಾಗುತ್ತಲೇ ಇರುವ ಎಸಿ ಕರೆಂಟನ್ನು ಬಳಸುತ್ತಾರೆ. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ತೇವ ಹಿಡಿದ ಫಿಲ್ಲರ್ ಕಡ್ಡಿಯಿಂದ ಹೈಡ್ರೋಜನ್ ಸೇರಿ ಅಲ್ಯೂಮಿನಿಯಂ ಬೆಸುಗೆ ತೂತುತೂತಾಗುವುದುಂಟು. ಕಡ್ಡಿಗಳನ್ನು ಮುಚ್ಚಳವಿರುವ ಒಣ ಡಬ್ಬಿಯಲ್ಲಿಡಬೇಕು.

ಇನ್ನು ಆರ್ಕ್ ಹೊತ್ತುವುದೇ ಇಲ್ಲ ಎಂಬ ದೂರು. ಇಲ್ಲಿ ಕಿವಿಯೇ ಮೊದಲ ಮೀಟರು. ಸ್ವಿಚ್ ಒತ್ತಿದಾಗ ಸೊಲೆನಾಯ್ಡಿನ 'ಟಕ್' ಸದ್ದು ಮತ್ತು ಅನಿಲದ ಹಿಸ್ ಎಂಬ ಸದ್ದು ಎರಡೂ ಕೇಳದಿದ್ದರೆ ದೋಷ ಬಹುಮಟ್ಟಿಗೆ ಟಾರ್ಚಿನ ಸ್ವಿಚ್ಚಿನಲ್ಲೋ, ಮಡಿಚಿ ಮಡಿಚಿ ಕತ್ತರಿಸಿಹೋದ ಅದರ ಸಣ್ಣ ತಂತಿಯಲ್ಲೋ ಇರುತ್ತದೆ. ಸದ್ದೆರಡೂ ಕೇಳಿ ಕಿಡಿ ಹಾರದಿದ್ದರೆ ಕೆಲಸದ ತುಂಡಿಗೆ ಕಚ್ಚಿಸುವ ಅರ್ಥಿಂಗ್ ಕ್ಲ್ಯಾಂಪ್ ಬಣ್ಣ ಬಳಿದ ಜಾಗದ ಮೇಲೆ ಕೂತಿದೆಯೇ, ಟಂಗ್‌ಸ್ಟನ್ ಮಾಸಿದೆಯೇ ನೋಡಬೇಕು. ಇವೆರಡೂ ಸರಿಯಿದ್ದರೆ ಮಾತ್ರ ಸಾವಿರಾರು ವೋಲ್ಟಿನ ಕಿಡಿ ಹುಟ್ಟಿಸುವ ಹೈ ಫ್ರೀಕ್ವೆನ್ಸಿ ಭಾಗವನ್ನು ಅನುಮಾನಿಸಬೇಕು.

ಹಳ್ಳಿಯ ಕಡೆ ಸಂಜೆ ಹೊತ್ತು ಕೆಲಸ ಮಾಡುವವರು ತಂತಿಯ ದಪ್ಪವನ್ನೂ ಗಮನಿಸಬೇಕು. 1.5 ಚದರ ಮಿಲಿಮೀಟರಿನ ತಾಮ್ರದ ವಾಯರನ್ನು 30 ಮೀಟರ್ ಎಳೆದು 20 ಆಂಪಿಯರ್ ಹರಿಸಿದರೆ, ಹೋಗಿ ಬರುವ 60 ಮೀಟರಿನಲ್ಲಿ 14 ವೋಲ್ಟಿಗೂ ಹೆಚ್ಚು ನಷ್ಟವಾಗುತ್ತದೆ. ಸಂಜೆ ಲೈನಿನಲ್ಲಿ ಬರುವುದೇ 190 ವೋಲ್ಟಿಗೆ ಇಳಿದಿದ್ದರೆ ಇನ್ವರ್ಟರ್ ಮಾದರಿಯ ವೆಲ್ಡಿಂಗ್ ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ಬಂದ್ ಆಗುವುದು ಸಹಜ, ಅದು ರಿಪೇರಿಯಲ್ಲ. ಹಳದಿ ದೀಪ ಹೊತ್ತಿ ಆರ್ಕ್ ನಿಂತರೆ ಯಂತ್ರ ಕಾದಿದೆ ಎಂದರ್ಥ. ಯಂತ್ರಕ್ಕೆ ಅಂಟಿಸಿದ ವಿವರದ ತಗಡಿನ ಮೇಲೆ '200 ಆಂಪಿಯರಿಗೆ ಶೇ. 60' ಎಂದು ಬರೆದಿದ್ದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಮಾತ್ರ ಆ ಕರೆಂಟಿನಲ್ಲಿ ಕೆಲಸ, ಉಳಿದ ನಾಲ್ಕು ನಿಮಿಷ ವಿಶ್ರಾಂತಿ. ಬಂದ್ ಮಾಡದೆ ಫ್ಯಾನ್ ತಿರುಗಲು ಬಿಡಬೇಕು. ಗ್ರೈಂಡರಿನ ಕಬ್ಬಿಣದ ಹುಡಿ ಒಳಗೆ ಸೇರಿ ಶಾರ್ಟ್ ಮಾಡುವುದರಿಂದ ಆಗಾಗ ಒಣ ಗಾಳಿಯಿಂದ ಊದಿ ಸ್ವಚ್ಛ ಮಾಡುವುದು ಒಳ್ಳೆಯದು. ಆದರೆ ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ ಕೆಲಕಾಲ ಉಳಿದಿರುತ್ತದೆ. ಅರಿತವರಲ್ಲದೆ ಇತರರು ಕವಚ ಬಿಚ್ಚಬಾರದು.

ಟಿಗ್‌ನಲ್ಲಿ ಹೊಗೆ ಕಡಿಮೆಯಾದ್ದರಿಂದ ಅಪಾಯವೂ ಕಡಿಮೆಯೆಂದು ಭಾವಿಸುವವರಿದ್ದಾರೆ. ಹೊಗೆಯ ಮರೆಯಿಲ್ಲದ ಈ ಆರ್ಕಿನ ಅತಿನೇರಳೆ ಕಿರಣ ಬಹಳ ತೀಕ್ಷ್ಣ; ಬರಿಗಣ್ಣಿನಲ್ಲಿ ನೋಡಿದವರಿಗೆ ಆಗ ಏನೂ ಅನಿಸದೆ, ರಾತ್ರಿ ಮಲಗಿದ ಮೇಲೆ ಕಣ್ಣಲ್ಲಿ ಮರಳು ಹೊಕ್ಕಂತೆ ಉರಿ ಏಳುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಹಾಲಿನ ಟ್ಯಾಂಕಿನಂಥ ಮುಚ್ಚಿದ ಜಾಗದಲ್ಲಿದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಆರ್ಗಾನ್ ಟ್ಯಾಂಕಿನ ತಳದಲ್ಲಿ ಬಾವಿಯ ನೀರಿನಂತೆ ತುಂಬುತ್ತ ಬಂದು ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಒಳಗೆ ಬಗ್ಗಿ ಕೂತವರಿಗೆ ಉಸಿರು ಕಟ್ಟಿದ ಅರಿವೂ ಆಗದೆ ಎಚ್ಚರ ತಪ್ಪಬಹುದು. ಆದ್ದರಿಂದ ಟ್ಯಾಂಕಿನ ತಳದಿಂದ ಗಾಳಿಯನ್ನು ಹೊರಗೆಳೆಯುವಂತೆ ಬ್ಲೋವರ್ ಇಟ್ಟು, ಅದರ ಸೆಳೆತ ಆರ್ಕಿಗೆ ತಾಗದಂತೆ ನಡುವೆ ಒಂದು ತಗಡು ನಿಲ್ಲಿಸಬೇಕು. ಟಾರ್ಚನ್ನು ಊಟದ ಬಿಡುವಿನಲ್ಲಿ ಒಳಗೇ ಬಿಟ್ಟು ಬರಬಾರದು. ಒಳಗಿನವರ ಹೆಸರು ಹಿಡಿದು ಆಗಾಗ ಕೂಗಿ ಮಾತನಾಡಿಸಲು ಬಾಯಿಯ ಬಳಿ ಹೊರಗೆ ಒಬ್ಬರು ಕಡ್ಡಾಯವಾಗಿ ನಿಂತಿರಬೇಕು, ಉತ್ತರ ಬಾರದಿದ್ದರೆ ಅವರು ತಾವು ಒಳಗಿಳಿಯದೆ ಮೊದಲು ಸಿಲಿಂಡರ್ ಮುಚ್ಚಿ, ಸಹಾಯಕ್ಕೆ ಕೂಗಿ, ಹೊರಗಿನಿಂದಲೇ ಒಳಗೆ ಗಾಳಿ ಊದಬೇಕು.