ಮೊದಲ ಭಾನುವಾರ 14 ಜನ, ನಾಲ್ಕನೇ ವಾರ ಇಬ್ಬರೇ!

ಪ್ರಶ್ನೆ: ಮೈಸೂರಿನ ನಮ್ಮ ಬಡಾವಣೆಯಲ್ಲಿ ಭಾನುವಾರದ ಸೈಕಲ್ ರೈಡ್ ಶುರು ಮಾಡಿದೆವು. ಮೊದಲ ವಾರ 14 ಜನ ಬಂದರು, ನಾಲ್ಕನೇ ವಾರಕ್ಕೆ ಇಬ್ಬರೇ ಉಳಿದೆವು. ಎಲ್ಲಿ ತಪ್ಪಾಯ್ತು?

ಉತ್ತರ: ಬಹುಶಃ ವಾಟ್ಸ್ಆ್ಯಪ್‌ನಲ್ಲೇ. ಶನಿವಾರ ರಾತ್ರಿ "ನಾಳೆ ಯಾರ್ಯಾರು ಬರ್ತೀರಾ?" ಅಂತ ಕೇಳಿರ್ತೀರಿ, ಅಲ್ವಾ? ಒಬ್ಬರು "ಮನೆಗೆ ನೆಂಟರು ಬಂದಿದ್ದಾರೆ" ಅಂದರೆ ಸಾಕು, ಉಳಿದವರೂ ಅಲಾರಂ ಆಫ್ ಮಾಡಿ ಮಲಗುತ್ತಾರೆ. ಕೇಳಲೇಬೇಡಿ. "6 ಗಂಟೆಗೆ ಕುಕ್ಕರಹಳ್ಳಿ ಕೆರೆ ಗೇಟು, 6.10ಕ್ಕೆ ಹೊರಡ್ತೀವಿ" ಅಂತಷ್ಟೇ ಹಾಕಿ. ಪ್ರತಿ ವಾರ ಅದೇ ಜಾಗ, ಅದೇ ಹೊತ್ತು, ಬಂದಿರೋದು ಇಬ್ಬರೇ ಆದರೂ ಹೊರಟುಬಿಡಿ. ಜನವರಿಯಲ್ಲಿ ಮಾತ್ರ ಸೂರ್ಯ ಹುಟ್ಟೋದೇ 6.45ರ ಸುಮಾರಿಗೆ, ಆಗ ಅರ್ಧ ಗಂಟೆ ತಡವಾಗಿ ಹೊರಡಿ, ಹಿಂದೆ ಕೆಂಪು ಲೈಟು ಇರಲೇಬೇಕು.

ಇನ್ನೊಂದು ಕಾರಣ ವೇಗ. ನಮ್ಮ ಗುಂಪು ಮೊದಲ ಸಲ ಒಡೆದದ್ದು ಚಾಮುಂಡಿ ಬೆಟ್ಟದ ಏರಿನಲ್ಲಿ. ಗೇರ್ ಸೈಕಲ್ ಇದ್ದ ನಾವು ನಾಲ್ವರು ಸರಸರ ಹತ್ತಿ, ಮೇಲೆ ಟೀ ಕುಡಿದು, ಫೋಟೋ ತೆಗೆದು ಇಳಿಯುತ್ತಿದ್ದೆವು. ಅರ್ಧ ದಾರಿಯಲ್ಲಿ ಒಬ್ಬರು ಹಳೇ ಸೈಕಲ್ ತಳ್ಳಿಕೊಂಡು ಬರ್ತಾ ಇದ್ದರು, ಶರ್ಟು ಪೂರ್ತಿ ಒದ್ದೆ. ನಾವು ಕೈ ಬೀಸಿ ಇಳಿದೇಬಿಟ್ಟೆವು. ಮುಂದಿನ ವಾರದಿಂದ ಅವರು ಬರಲಿಲ್ಲ. ಯಾಕೆ ಬರ್ತಾರೆ ಹೇಳಿ?

ಆಮೇಲೆ ಒಂದು ರೂಢಿ ಮಾಡಿಕೊಂಡೆವು. ಎಲ್ಲರಿಗಿಂತ ಜೋರಾಗಿ ತುಳಿಯುವವರು ಎಲ್ಲರಿಗಿಂತ ಹಿಂದೆ ಇರಬೇಕು. ತಿರುವು ಬಂದಲ್ಲೆಲ್ಲ ಮುಂದಿನವರು ನಿಂತು ಕಾಯಬೇಕು. ಕೊನೆಯವರು ಬಂದ ಕೂಡಲೇ "ಸರಿ, ಹೊರಡೋಣ" ಅನ್ನಬಾರದು, ಯಾಕಂದ್ರೆ ಕಾದವರಿಗೆ ಆಗಲೇ ಸುಸ್ತು ಇಳಿದಿರುತ್ತೆ, ಜಾಸ್ತಿ ದಣಿದವರಿಗೇ ನೀರು ಕುಡಿಯೋಕೂ ಬಿಡುವಿರಲ್ಲ.

ದಾರಿ ಸಪಾಟಾಗಿರಲಿ, ಮೊದಲ ಎರಡು ತಿಂಗಳು 20 ಕಿ.ಮೀ. ಸಾಕು. ಶ್ರೀರಂಗಪಟ್ಟಣದ ಕಡೆ ಹೋಗೋದಾದರೆ ಸರ್ವಿಸ್ ರಸ್ತೆಯಲ್ಲೇ ಹೋಗಿ. ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕು, ಆಟೋಗಳನ್ನೇ ಬಿಡಲ್ಲ, ಸೈಕಲ್ ಅಂತೂ ಕೇಳಲೇಬೇಡಿ.

ಭಾನುವಾರ ಬೆಳಗ್ಗೆ ಆರೂವರೆಗೆ ಪಂಕ್ಚರ್ ಅಂಗಡಿ ತೆಗೆದಿರೋದು ಅಪರೂಪ. ತೆಗೆದಿದ್ದರೂ ತೆಳು ವಾಲ್ವಿನ ಟ್ಯೂಬಿಗೆ ಅವರ ಗಾಳಿ ಪೈಪು ಕೂರಲ್ಲ. ಹಳೇ ಸೈಕಲ್ಲಿನ ವಾಲ್ವೇ ಬೇರೆ, ಗೇರ್ ಸೈಕಲ್ಲಿನದೇ ಬೇರೆ, ಎಲ್ಲದಕ್ಕೂ ಹೊಂದೋ ಪಂಪು ಗುಂಪಿಗೆ ಒಂದಿರಲಿ. ತಿಂಡಿಯೂ ಮುಖ್ಯ. ದೋಸೆಗೆ ಅಂತಲೇ ಬರುವವರು ನಮ್ಮಲ್ಲಿ ಮೂವರಿದ್ದಾರೆ, ಒಂದು ವಾರವೂ ತಪ್ಪಿಸಲ್ಲ.

ಇನ್ನು ಎಲ್ಲವನ್ನೂ ನೀವೇ ಹೊತ್ತುಕೊಳ್ಳಬೇಡಿ. ಮೊನ್ನೆ ನಾನು ಊರಲ್ಲಿ ಇರಲಿಲ್ಲ, ಆದರೂ ಏಳು ಜನ ಹೋಗಿ ಬಂದರು. ಖುಷಿಯಾಯ್ತು. ಆದರೆ ಗುಂಪಿನ ಪಂಪು ನನ್ನ ಮನೆಯಲ್ಲೇ ಬಿದ್ದಿತ್ತು, ಒಬ್ಬರು ಎರಡು ಕಿ.ಮೀ. ಸೈಕಲ್ ತಳ್ಳಿದರಂತೆ. ಈಗ ಇನ್ನೊಬ್ಬರ ಬ್ಯಾಗಲ್ಲೂ ಒಂದು ಪಂಪಿದೆ.