ಗಟ್ಟಿ ಕಲ್ಲಿಗೆ ಸವೆಯುವ ಬ್ಲೇಡ್

ಹಾಸನದ ಹಾರ್ಡ್‌ವೇರ್ ಅಂಗಡಿಗೆ ಡೈಮಂಡ್ ಬ್ಲೇಡ್ ಕೊಳ್ಳಲು ಬಂದವರು ಸಾಮಾನ್ಯವಾಗಿ ಕೇಳುವುದು ಇಷ್ಟೇ: "ಅಣ್ಣಾ, ಜಾಸ್ತಿ ದಿನ ಬಾಳಿಕೆ ಬರೋದು ಕೊಡಿ." ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಕೊಯ್ಯಬೇಕಾದವರು ಹೀಗೆ ಕೇಳಿದರೆ ಕೆಲಸ ಕೆಡುತ್ತದೆ. ಗ್ರಾನೈಟಿಗೆ ಬೇಕಾದ್ದು ಹದವಾಗಿ ಸವೆಯುವ ಬ್ಲೇಡ್. ಸವೆಯದ ಬ್ಲೇಡ್ ಸ್ವಲ್ಪ ಹೊತ್ತಿಗೆಲ್ಲ ಕೊಯ್ಯುವುದನ್ನೇ ನಿಲ್ಲಿಸುತ್ತದೆ.

ಬ್ಲೇಡಿನ ನಡುವಿನ ತಟ್ಟೆ ಬರೀ ಉಕ್ಕು. ಕೆಲಸವೆಲ್ಲ ಅಂಚಿನದು. ಕೋಬಾಲ್ಟ್, ಕಬ್ಬಿಣ, ತಾಮ್ರದಂಥ ಲೋಹಗಳ ಪುಡಿಗೆ ವಜ್ರದ ಸಣ್ಣ ಹರಳುಗಳನ್ನು ಬೆರೆಸಿ, ಒತ್ತಿ ಕಾಯಿಸಿ ಆ ಅಂಚನ್ನು ಮಾಡುತ್ತಾರೆ. ಇವು ಗಣಿಯಿಂದ ಬಂದ ವಜ್ರಗಳಲ್ಲ, ಕಾರ್ಖಾನೆಯಲ್ಲಿ ತಯಾರಾದವು. 1954ರ ಡಿಸೆಂಬರ್‌ನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಟ್ರೇಸಿ ಹಾಲ್ ಭಾರೀ ಒತ್ತಡ ಮತ್ತು ಶಾಖದಲ್ಲಿ ಇಂಗಾಲವನ್ನು ವಜ್ರವಾಗಿಸಿದರು. ಟೈಲ್ಸ್ ಹಾಕುವವರ ಚೀಲದಲ್ಲೂ ಇಂದು ವಜ್ರ ಇರುವುದು ಆ ದಾರಿ ತೆರೆದದ್ದರಿಂದ.

ತಿರುಗುವಾಗ ಒಂದೊಂದು ಹರಳೂ ಕಲ್ಲನ್ನು ಗೀಚಿ ಪುಡಿ ಮಾಡುತ್ತಾ ಹೋಗುತ್ತದೆ. ಗೀಚಿ ಗೀಚಿ ವಜ್ರವೂ ಮೊಂಡಾಗುತ್ತದೆ. ಆಗ ಅದನ್ನು ಹಿಡಿದಿರುವ ಲೋಹ ಸವೆದು, ಮೊಂಡು ಹರಳು ಉದುರಿ, ಒಳಗಿನ ಹೊಸ ಹರಳು ಮೇಲೆ ಬರಬೇಕು. ಲೋಹವನ್ನು ಸವೆಸುವುದು ಕಲ್ಲಿನ ಪುಡಿಯೇ. ಗ್ರಾನೈಟಿನ ಪುಡಿ ನುಣ್ಣಗಿರುತ್ತದೆ, ಲೋಹವನ್ನು ಹೆಚ್ಚು ತಿನ್ನುವುದಿಲ್ಲ. ಹಾಗಾಗಿ ಅದಕ್ಕೆ ಮೆದು ಲೋಹದ ಬ್ಲೇಡ್. ಇಟ್ಟಿಗೆ, ಮರಳುಗಲ್ಲು, ಹೊಸ ಕಾಂಕ್ರೀಟ್‌ಗಳಿಂದ ಮರಳು ಉದುರಿ ಲೋಹವನ್ನು ಬೇಗ ತಿಂದುಬಿಡುತ್ತದೆ. ಅವಕ್ಕೆ ಗಟ್ಟಿ ಲೋಹದ್ದು. ಗಟ್ಟಿ ಕಲ್ಲಿಗೆ ಮೆದು, ಮೆದು ಕಲ್ಲಿಗೆ ಗಟ್ಟಿ. ಪ್ಯಾಕೆಟ್ ಮೇಲೆ ಯಾವ ಕಲ್ಲಿಗೆ ಎಂದು ಬರೆದಿರುವುದನ್ನು ಬೆಲೆಗಿಂತ ಮೊದಲು ಓದಬೇಕಾದ್ದು ಇದಕ್ಕೇ.

ಬಳಸಿದ ಬ್ಲೇಡನ್ನು ಯಂತ್ರದಿಂದ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿ. ಪ್ರತಿ ಹರಳಿನ ಹಿಂದೆ ಧೂಮಕೇತುವಿನ ಬಾಲದಂತೆ ಲೋಹದ ಸಣ್ಣ ಏಣು ಕಾಣುತ್ತದೆ. ತಿರುಗುವಾಗ ವಜ್ರಕ್ಕೆ ಆಸರೆ ಅದೇ. ಬಾಣದ ಗುರುತು ನೋಡದೆ ಬ್ಲೇಡನ್ನು ತಿರುಗುಮುರುಗಾಗಿ ಹಾಕಿದರೆ ಆ ಆಸರೆ ತಪ್ಪಿ ಹರಳುಗಳು ಬೇಗ ಉದುರುತ್ತವೆ. ಅಂಚು ಬೆರಳಿಗೆ ಗಾಜಿನ ಹಾಗೆ ನುಣ್ಣಗೆ ಸಿಕ್ಕರೆ, ಅಥವಾ ಕೊಯ್ಯುವಾಗ ಕಿಡಿ ಹಾರಿದರೆ, ಬ್ಲೇಡ್ ಕುರುಡಾಗಿದೆ ಎಂದೇ ಲೆಕ್ಕ. ಹಳೆಯ ಇಟ್ಟಿಗೆಯನ್ನೋ ಸಿಮೆಂಟ್ ಬ್ಲಾಕನ್ನೋ ನಾಲ್ಕಾರು ಸಲ ಕೊಯ್ದರೆ ಲೋಹ ಸವೆದು ಅಂಚು ಮತ್ತೆ ತರಿಯಾಗುತ್ತದೆ. ಎಷ್ಟೋ ಒಳ್ಳೆಯ ಬ್ಲೇಡುಗಳು ಇಷ್ಟು ಮಾಡದೆಯೇ ಗುಜರಿ ಸೇರುತ್ತವೆ.

ಕಲ್ಲಿನ ಗಡಸುತನ ಎಷ್ಟು ಬೇರೆಬೇರೆ ಎನ್ನುವುದಕ್ಕೆ ನಮ್ಮ ಜಿಲ್ಲೆಯೇ ಸಾಕು. 1117ರ ಬೇಲೂರು ದೇವಾಲಯದ್ದು ಬಳಪದ ಕಲ್ಲು. ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಅದರೊಳಗಿನ ಖನಿಜಗಳಾದ ಟಾಲ್ಕ್ 1, ಕ್ಲೋರೈಟ್ ಸುಮಾರು 2. ಉಕ್ಕಿನ ಉಳಿ ಅದನ್ನು ಹೆರೆಯಬಲ್ಲದು, ಮದನಿಕೆಯರ ಒಡವೆಯ ಎಳೆಗಳು ಬಿಡಿಬಿಡಿಯಾಗಿ ಎದ್ದು ಬಂದದ್ದು ಅದರಿಂದ. ಸುಮಾರು 981ರ ಶ್ರವಣಬೆಳಗೊಳದ ಗೊಮ್ಮಟ ಗ್ರಾನೈಟಿನವನು. ಅಲ್ಲಿ ಫೆಲ್ಡ್‌ಸ್ಪಾರ್ 6, ಕ್ವಾರ್ಟ್ಜ್ 7. ಉಳಿ ಕ್ವಾರ್ಟ್ಜನ್ನು ಹೆರೆಯಲಾರದು, ಪೆಟ್ಟಿನಿಂದ ಚಕ್ಕೆ ಎಬ್ಬಿಸಬೇಕು. ಹಾಗೆ ಚಕ್ಕೆ ಚಕ್ಕೆಯಾಗಿ ಎಬ್ಬಿಸಿಯೇ ಸುಮಾರು 57 ಅಡಿಯ ಆ ನುಣುಪು ಮೈ ಬಂದಿದೆ ಎಂದು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಅಂಚಿನ ಆಕಾರದ ವಿಷಯ ಸರಳ. ಬಿಟ್ಟುಬಿಟ್ಟು ತುಂಡುಗಳಿರುವ ಅಂಚು ಬೇಗ ಕೊಯ್ಯುತ್ತದೆ, ಆದರೆ ಕಲ್ಲಿನ ಬಾಯಿ ಚಕ್ಕೆ ಏಳುತ್ತದೆ. ಟೈಲ್ಸ್, ಮಾರ್ಬಲ್‌ಗೆ ಬಿಡುವಿಲ್ಲದ ಅಂಚು ಒಳ್ಳೆಯದು. ವೇಗದ ವಿಷಯ ಮಾತ್ರ ಪ್ರಾಣದ್ದು. ನಿಮಿಷಕ್ಕೆ 11,000 ಸುತ್ತು ತಿರುಗುವ ಗ್ರೈಂಡರ್‌ನಲ್ಲಿ 4 ಇಂಚಿನ ಬ್ಲೇಡಿನ ಅಂಚು ಸೆಕೆಂಡಿಗೆ 58 ಮೀಟರ್‌ನಂತೆ, ಅಂದರೆ ಗಂಟೆಗೆ 200 ಕಿ.ಮೀ.ಗೂ ಮೀರಿ ಓಡುತ್ತದೆ. ಗಾರ್ಡ್ ಕಿತ್ತು 7 ಇಂಚಿನದನ್ನು ಸಿಕ್ಕಿಸಿದರೆ ಅದು ಸೆಕೆಂಡಿಗೆ 100 ಮೀಟರ್ ದಾಟುತ್ತದೆ. ಇಂಥ ಬ್ಲೇಡುಗಳ ಮೇಲೆ ಸಾಮಾನ್ಯವಾಗಿ ಬರೆದಿರುವ ಮಿತಿ 80.

ರತ್ನದ ಕಲ್ಲಿನಲ್ಲಿ ಕೊಯ್ಲಿನ ಅಗಲವಷ್ಟೂ ನಷ್ಟ. ಅದಕ್ಕೇ ಅಲ್ಲಿ ಬ್ಲೇಡ್ ಒಂದು ಮಿಲಿಮೀಟರಿಗೂ ತೆಳು, ಹರಳು ಸಣ್ಣದು, ವೇಗ ಕಡಿಮೆ. ಮಾಣಿಕ್ಯ, ನೀಲಗಳ ಗಡಸುತನ 9, ವಜ್ರದ್ದು 10. ತೆಳು ಬ್ಲೇಡಿಗೆ ಕಲ್ಲನ್ನು ಓರೆಯಾಗಿ ಒತ್ತಿದರೆ ತಟ್ಟೆ ಬಾಗುತ್ತದೆ, ಒಮ್ಮೆ ಬಾಗಿದ್ದು ಮತ್ತೆ ನೇರ ಕೊಯ್ಯುವುದಿಲ್ಲ. ಕಲ್ಲನ್ನು ಹಿಡಿಕೆಯಲ್ಲಿ ಬಿಗಿದೇ ಕೊಯ್ಯಬೇಕು. ತಂಪಿಗೆ ಎಣ್ಣೆಯೂ ಆಗುತ್ತದೆ, ಆದರೆ ಓಪಲ್ ಎಂಬ ರತ್ನ ಎಣ್ಣೆ ಹೀರುವುದುಂಟು, ಅದಕ್ಕೆ ನೀರೇ ಸರಿ.

ಗ್ರಾನೈಟಿಗಂತೂ ನೀರು ಬೇಕೇ ಬೇಕು. ಬಿಸಿ ಏರಿದರೆ ವಜ್ರ ಹಾಳಾಗುತ್ತದೆ ಎನ್ನುವುದು ಒಂದು, ಅದಕ್ಕಿಂತ ದೊಡ್ಡದು ದೂಳು. ಕ್ವಾರ್ಟ್ಜಿನ ಕಣ್ಣಿಗೆ ಕಾಣದ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿ ಗಾಯದ ಕಲೆ ಕಟ್ಟುತ್ತವೆ. ಇದೇ ಸಿಲಿಕೋಸಿಸ್. ಇದನ್ನು ವಾಸಿ ಮಾಡುವ ಔಷಧಿ ಇಲ್ಲ. ಮೂಗಿಗೆ ಕಟ್ಟಿದ ಟವೆಲ್ ಈ ಕಣಗಳನ್ನು ತಡೆಯುವುದಿಲ್ಲ. ನೀರು ಬಿಟ್ಟುಕೊಂಡು, ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮಾಸ್ಕ್ ಹಾಕಿಯೇ ಕೊಯ್ಯಬೇಕು, ಕೊಯ್ಸುವ ಮನೆಯವರೂ ಅದನ್ನು ಕೇಳಿ ಕೊಡಿಸಬೇಕು. ನೆಲದಲ್ಲಿ ಉಳಿದ ಕೆಸರನ್ನು ಹಸಿಯಿರುವಾಗಲೇ ಬಳಿದು ತೆಗೆಯಿರಿ. ಒಣಗಿದ ಮೇಲೆ ಪೊರಕೆ ಹಾಕಿದರೆ ಅದೇ ದೂಳು ಮತ್ತೆ ಏಳುತ್ತದೆ.